ಬಲಗೈ ಏಡಿ ಎಡಗೈ ಆದದ್ದು: ಸಕಲೇಶಪುರದ ಗದ್ದೆಯಿಂದ ಒಂದು ಪ್ರಕರಣ

ಮಂಜಣ್ಣನ ಕೈಯಲ್ಲಿ ಉಳಿದದ್ದು ಕೊಂಡಿ ಮಾತ್ರ. ಏಡಿ ಕೆಸರಿಗೆ ಬಿದ್ದು ಅಡ್ಡಡ್ಡ ಓಡುತ್ತಿತ್ತು. ಕೊಂಡಿ ಮಾತ್ರ ಅವನ ಹೆಬ್ಬೆರಳಿನ ಬುಡವನ್ನು ಕಚ್ಚಿಕೊಂಡೇ ಇತ್ತು. ಮೈ ಅತ್ತ, ಕಚ್ಚು ಇತ್ತ. ಅವನು ಕೈ ಒದರಿದ, ಬೀಳಲಿಲ್ಲ. ಕೊನೆಗೆ ಕುಡುಗೋಲಿನ ತುದಿ ತೂರಿಸಿ ಬಿಡಿಸಿಕೊಳ್ಳಬೇಕಾಯಿತು. ನಾವೆಲ್ಲ ನಕ್ಕೆವು. ಅವನೂ ನಕ್ಕ, ಸ್ವಲ್ಪ ತಡವಾಗಿ.

ಇದು 2022ರ ಜುಲೈ ತಿಂಗಳ ಮಾತು. ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದೊಂದು ಚಿಕ್ಕ ಗದ್ದೆಯಿದೆ. ಪಕ್ಕದ ಹಳ್ಳದ ನೀರು ಮುಂದೆ ಹೋಗಿ ಹೇಮಾವತಿ ಸೇರುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು. ನಿವೃತ್ತಿಯಾದ ಮೇಲೆ ಗದ್ದೆ, ಒಂದಿಷ್ಟು ಕಾಫಿ, ಸಂಜೆ ಮಳೆ ನೋಡುವುದು. ನಾಟಿಗೆ ಮುಂಚೆ ಬದು ಸರಿ ಮಾಡುವ ಕೆಲಸ ಇರುತ್ತದಲ್ಲ, ಆಗ ಏಡಿಗೂ ನಮಗೂ ವರ್ಷಾವರ್ಷ ಜಗಳ. ಅದು ಬದುವಿನಲ್ಲಿ ಬಿಲ ತೋಡುತ್ತದೆ, ಮೇಲಿನ ಮಡಿಯ ನೀರು ರಾತ್ರೋರಾತ್ರಿ ಕೆಳಗಿನ ಮಡಿಗೆ ಸೋರಿ ಹೋಗುತ್ತದೆ. ಹಾಗಾಗಿ ಬಿಲಕ್ಕೆ ಕೈ ಹಾಕಿ ಏಡಿ ಹಿಡಿಯುವುದು ಒಂದು ಕೆಲಸ. ಸಂಜೆ ಏಡಿ ಸಾರು, ಅಕ್ಕಿ ರೊಟ್ಟಿ. ಕೆಲಸವೂ ಆಯಿತು, ಊಟವೂ ಆಯಿತು.

ಇಲ್ಲಿ ಕೊಂಡಿ ಅಂದರೆ ಏಡಿಯ ಮುಂದಿನ ಇಕ್ಕಳದಂಥ ಕಾಲು. ಒಂದೊಂದು ಊರಲ್ಲಿ ಒಂದೊಂದು ಹೆಸರು. ನಾನು ಕೊಂಡಿ ಅಂತಲೇ ಬರೆಯುತ್ತೇನೆ.

ತಮ್ಮನ ಮಗ ರಜೆಗೆ ಬಂದಿದ್ದ, ಒಂಬತ್ತನೇ ಕ್ಲಾಸು. ಅವನು ಕೇಳಿದ, "ದೊಡ್ಡಪ್ಪ, ಅದಕ್ಕೆ ಮತ್ತೆ ಕೈ ಬರುತ್ತಾ?"

ನಾನು ಬಾಯಿ ತೆರೆಯುವ ಮುಂಚೆ ಮಂಜಣ್ಣ ಹೇಳಿದ, "ಬತ್ತದೆ ಬುಡು. ಮುಂದಿನ ಮಳೆಗಾಲಕ್ಕೆ ನೋಡು, ಹೆಂಗಿತ್ತೋ ಹಂಗೇ ಇರ್ತದೆ."

ಈ ಮಾತಿನಲ್ಲಿ ಎರಡು ಮಾತಿದೆ. ಮತ್ತೆ ಬರುತ್ತದೆ ಅನ್ನುವುದು ಒಂದು. ಹೇಗಿತ್ತೋ ಹಾಗೇ ಬರುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದು ನಿಜ ಅಂತ ನನಗೆ ಗೊತ್ತಿತ್ತು. ಎರಡನೆಯದನ್ನು ಮೂವತ್ತು ವರ್ಷ ಮಕ್ಕಳಿಗೆ ನಾನೂ ಸುಮ್ನೆ ಹಾಗೇ ಹೇಳಿಕೊಂಡು ಬಂದಿದ್ದೆ. ಒಂದು ಸಲವೂ ಕಣ್ಣಲ್ಲಿ ನೋಡಿರಲಿಲ್ಲ. ಹುಡುಗ ಆ ಏಡಿಯನ್ನು ಹುಡುಕಿ ಹಿಡಿದ. ಈ ಸಲ ಬೆನ್ನಿನ ಎರಡು ಕಡೆ ಒತ್ತಿ ಹಿಡಿದ, ಬುದ್ಧಿವಂತ. ಸಾರಿಗೆ ಹೋಗಬೇಕಾಗಿದ್ದದ್ದು ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಹೋಯಿತು.

ಮೊದಲ ದಿನದ ಲೆಕ್ಕ

ತೊಟ್ಟಿಯ ಒಂದು ಬದಿಗೆ ಗದ್ದೆ ಮಣ್ಣು ಗುಡ್ಡೆ ಹಾಕಿದೆವು, ಇನ್ನೊಂದು ಬದಿಗೆ ನಾಲ್ಕು ಬೆರಳು ನೀರು. ಅಡಗಿಕೊಳ್ಳಲು ಎರಡು ಒಡೆದ ಹೆಂಚು. ಮೇಲೆ ಬೆಕ್ಕು ಕೈ ಹಾಕದಂತೆ ತಂತಿ ಬಲೆ.

ಏಡಿ ಗಂಡು. ತಿರುವಿ ಹೊಟ್ಟೆ ನೋಡಿದರೆ ಗೊತ್ತಾಗುತ್ತದೆ: ಗಂಡಿಗೆ ಮಡಚಿದ ಬಾಲದ ಪಟ್ಟಿ ಕಿರಿದು, ಹೆಣ್ಣಿಗೆ ಮರಿ ಹೊರಲು ಅಗಲ. ಚಿಪ್ಪಿನ ಅಗಲ 51 ಮಿಲಿಮೀಟರ್. ಉಳಿದಿದ್ದ ಎಡ ಕೊಂಡಿ ಮಣಿಕಟ್ಟಿನಿಂದ ತುದಿಗೆ 34. ಮಂಜಣ್ಣನ ಕೈಯಲ್ಲಿ ಸಿಕ್ಕಿದ ಬಲ ಕೊಂಡಿ 46. ಅಂದರೆ ಇದು ಬಲಗೈ ಏಡಿ. ಗದ್ದೆ ಏಡಿಗಳಲ್ಲಿ ನಾನು ನೋಡಿದ್ದು ಹೆಚ್ಚಿನವು ಬಲಗೈನವೇ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆವು: ಏಡಿ 36 ಗ್ರಾಂ, ಕೊಂಡಿ 6 ಗ್ರಾಂ. ಮೈಯ ಏಳನೇ ಒಂದು ಪಾಲು ಒಂದೇ ಕ್ಷಣದಲ್ಲಿ ಹೋಗಿತ್ತು.

ಮುರಿದ ಕೊಂಡಿಯನ್ನು ಬಿಸಿಲಿಗೆ ಒಣಗಿಸಿ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡೆ. ಇದೊಂದನ್ನು ಮಾಡಿದ್ದು ಒಳ್ಳೆಯದಾಯಿತು. ಮುಂದೆ ಹೋಲಿಸಿ ನೋಡಲು ಇದ್ದದ್ದು ಅದೊಂದೇ.

ಗಾಯ ನೋಡಿ ಹುಡುಗನಿಗೆ ಆಶ್ಚರ್ಯ. ರಕ್ತವೇ ಇಲ್ಲ. ಏಡಿಯ ರಕ್ತ ಹೇಗೂ ಕೆಂಪಲ್ಲ. ಅದರಲ್ಲಿ ಕಬ್ಬಿಣದ ಬದಲು ತಾಮ್ರ ಇರುವುದರಿಂದ ತಿಳಿ ನೀಲಿ. ಆದರೆ ಅದೂ ಒಂದೆರಡು ಹನಿಗಿಂತ ಜಾಸ್ತಿ ಬಂದಿರಲಿಲ್ಲ. ಬುಡದಲ್ಲಿ ದುಂಡಗೆ ಒಂದು ಬಿಳಿ ಪೊರೆ, ಡಬ್ಬಿಯ ಮುಚ್ಚಳದ ಹಾಗೆ.

ಮಂಜಣ್ಣ ತಾನೇ ಎಳೆದು ಮುರಿದೆ ಅಂದುಕೊಂಡಿದ್ದ. ಹಾಗಲ್ಲ. ಮುರಿದದ್ದು ಏಡಿಯೇ. ಅದರ ಪ್ರತಿ ಕಾಲಿನ ಬುಡದ ಹತ್ತಿರ ಒಂದು ಗೆರೆ ಇರುತ್ತದೆ, ಮೊದಲೇ ಸವೆಸಿಟ್ಟ ಹಾಗೆ. ಬಿಸ್ಕತ್ ಪಟ್ಟಿಯ ಮೇಲೆ ಮುರಿಯಲು ಗೆರೆ ಹಾಕಿರುತ್ತಾರಲ್ಲ, ಹಾಗೆ. ಕಾಲು ಸಿಕ್ಕಿಬಿದ್ದರೆ ಏಡಿ ಒಂದು ಸ್ನಾಯುವನ್ನು ಬಿಗಿಯುತ್ತದೆ, ಗೆರೆಯಲ್ಲಿ ಕಾಲು ಕಳಚುತ್ತದೆ. ಆ ಗೆರೆಗೆ ಅಡ್ಡವಾಗಿ ಒಳಗೆ ಒಂದು ಪರದೆ ಇರುತ್ತದೆ. ಕಾಲು ಕಳಚಿದ ಕೂಡಲೇ ಅದು ಬಾಯಿ ಮುಚ್ಚಿ ರಕ್ತ ಹಿಡಿಯುತ್ತದೆ. ಹಲ್ಲಿ ಬಾಲ ಬಿಡುವುದನ್ನು ಎಲ್ಲರೂ ನೋಡಿರುತ್ತೀರಿ, ಅದೇ ಜಾತಿಯ ಉಪಾಯ. ಬೇರೆ ಜಾಗದಲ್ಲಿ, ಅಂದರೆ ಕೊಂಡಿಯ ಮಧ್ಯದಲ್ಲಿ ಜಜ್ಜಿ ಹೋದರೆ ರಕ್ತ ನಿಲ್ಲುವುದು ಕಷ್ಟ. ಆಗಲೂ ಎಷ್ಟೋ ಸಲ ಏಡಿ ಉಳಿದ ತುಂಡನ್ನು ಬುಡದ ಗೆರೆಯಿಂದಲೇ ಕಳಚಿ ಬಿಸಾಡುತ್ತದೆ.

ಮಂಜಣ್ಣನ ಅಜ್ಜನಿಗೂ ಗೊತ್ತಿದ್ದ ಈ ಸಂಗತಿ ಪುಸ್ತಕಕ್ಕೆ ಬಂದದ್ದು 1712ರಲ್ಲಿ. ಫ್ರಾನ್ಸಿನ ವಿಜ್ಞಾನಿ ರೆಯೋಮೂರ್ ಸಿಹಿನೀರಿನ ಕ್ರೇಫಿಶ್ (ದೊಡ್ಡ ಕೊಂಡಿಯ, ಸಿಗಡಿಯಂಥ ಜೀವ) ಸಾಕಿ, ಅದರ ಕಾಲು ಮುರಿದು, ಮತ್ತೆ ಬೆಳೆಯುವುದನ್ನು ನೋಡಿ ಬರೆದ. ನೀರಿನ ಜೊತೆ ಬದುಕುವ ಜನ ಮೊದಲಿನಿಂದ ಹೇಳುತ್ತಿದ್ದರು, ಓದಿದವರು ಕತೆ ಅಂತ ತಳ್ಳಿಹಾಕಿದ್ದರು. ಹಣ್ಣು ನೊಣಗಳಿಂದ ಹೆಸರಾಗಿ 1933ರಲ್ಲಿ ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್ ಕೂಡ ಅದಕ್ಕೂ ಮುಂಚೆ ಖಾಲಿ ಶಂಖದೊಳಗೆ ಬದುಕುವ ಸನ್ಯಾಸಿ ಏಡಿಗಳ ಕಾಲಿನ ಹಿಂದೆ ಬಿದ್ದಿದ್ದ. ಇಷ್ಟು ದೊಡ್ಡವರು ಏಡಿ ಕಾಲು ಎಣಿಸಿಕೊಂಡು ಕೂತಿದ್ದರು ಅಂತ ಹೇಳಿದ್ದು, ನನ್ನ ಹೆಂಡತಿ ನನ್ನನ್ನು ನೋಡುವ ನೋಟ ಸ್ವಲ್ಪ ಬದಲಾಗಲಿ ಅಂತ. ಬದಲಾಗಲಿಲ್ಲ.

ಮೊಗ್ಗು

ಎರಡನೇ ದಿನಕ್ಕೆ ಬಿಳಿ ಪೊರೆ ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಎರಡು ವಾರ ಏನೂ ಇಲ್ಲ. ಹುಡುಗ ಬೇಜಾರಾಗಿ ಊರಿಗೆ ಹೋದ. ದಿನಾ ಫೋನಿನಲ್ಲಿ "ಬಂತಾ ದೊಡ್ಡಪ್ಪ?" ಅಂತ ಕೇಳುವುದು ಮಾತ್ರ ಬಿಡಲಿಲ್ಲ.

ಜುಲೈ ಕೊನೆಗೆ ಆ ಕಂದು ಮುಚ್ಚಳದ ನಡುವೆ ಒಂದು ಗುಳ್ಳೆ ಕಂಡಿತು, ಸಾಸಿವೆಯಷ್ಟು. ಆಗಸ್ಟ್ ಮಧ್ಯಕ್ಕೆ ಹೆಸರುಕಾಳು. ಸೆಪ್ಟೆಂಬರ್ ಬರುವ ಹೊತ್ತಿಗೆ ಅವರೆಕಾಳು. ಭೂತಗನ್ನಡಿ ಹಿಡಿದರೆ ಒಳಗಿನದು ಚೆನ್ನಾಗಿ ಕಾಣುತ್ತಿತ್ತು. ತೆಳು ಚೀಲದೊಳಗೆ ಪೂರ್ತಿ ಕೊಂಡಿಯೇ ಮಡಚಿಕೊಂಡು ಕೂತಿದೆ. ಎರಡು ಬೆರಳು, ಅಂಗೈ, ಮಣಿಕಟ್ಟು, ಎಲ್ಲ ಇದೆ. ಮಳೆಗಾಲದಲ್ಲಿ ಜರಿಗಿಡದ ಎಳೆ ಕುಡಿ ಸುತ್ತಿಕೊಂಡಿರುತ್ತದಲ್ಲ, ಹಾಗೆ.

ಮಂಜಣ್ಣ ಬಗ್ಗಿ ನೋಡಿ, "ಹುಟ್ಟಿದ ಕೂಸು ಮುಷ್ಟಿ ಕಟ್ಟಿದಂಗೈತೆ ಮೇಷ್ಟ್ರೇ" ಅಂದ. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಇಲ್ಲಿ ಒಂದು ವಿಷಯ. ಗಿಡದ ಕುಡಿ ದಿನದಿನ ಬಿಚ್ಚುತ್ತದೆ. ಏಡಿಯ ಮೊಗ್ಗು ಹಾಗೆ ಬಿಚ್ಚುವಂತಿಲ್ಲ. ಏಡಿಗೆ ಎಲುಬು ಹೊರಗಿದೆ. ಗಟ್ಟಿ ಚಿಪ್ಪಿನೊಳಗೆ ಇರುವವರೆಗೂ ಬೆಳೆಯಲು ಜಾಗವಿಲ್ಲ. ಹಾವಿನ ಹಾಗೆ ಪೊರೆ ಬಿಟ್ಟಾಗಲೇ, ಅಂದರೆ ಹಳೆ ಚಿಪ್ಪು ಕಳಚಿದಾಗಲೇ ಮೈ ದೊಡ್ಡದಾಗಬೇಕು, ಮೊಗ್ಗು ಬಿಚ್ಚಬೇಕು. ಹಾಗಾಗಿ "ಎಷ್ಟು ದಿನಕ್ಕೆ ಕೊಂಡಿ ಬರುತ್ತೆ?" ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಎಷ್ಟು ಪೊರೆಗೆ ಬರುತ್ತೆ ಅಂತ ಕೇಳಬೇಕು. ಮರಿ ಏಡಿ ಪದೇಪದೇ ಪೊರೆ ಬಿಡುತ್ತದೆ, ಬೇಗ ಸರಿಹೋಗುತ್ತದೆ. ದೊಡ್ಡ ಏಡಿಗೆ ಕಾಯುವುದೊಂದೇ ದಾರಿ.

ಪೊರೆ ಬಿಡುವ ಹೊತ್ತನ್ನು ನಿರ್ಧರಿಸುವುದು ಹಾರ್ಮೋನು. ಕಣ್ಣಿನ ಕಡ್ಡಿಯೊಳಗೆ ಒಂದು ಗ್ರಂಥಿಯಿದೆ, ಅದು "ಈಗ ಬೇಡ, ಈಗ ಬೇಡ" ಅನ್ನುತ್ತಲೇ ಇರುತ್ತದೆ. ತಲೆಯ ಭಾಗದಲ್ಲಿ ಇನ್ನೊಂದು ಗ್ರಂಥಿ ಪೊರೆ ಬಿಡುವ ಹಾರ್ಮೋನು ತಯಾರಿಸಲು ಕಾದಿರುತ್ತದೆ. ಮೊದಲನೆಯದು ಸುಮ್ಮನಾದರೆ ಎರಡನೆಯದು ಶುರು. ಕಾಲುಗಳು ಒಟ್ಟಿಗೆ ಜಾಸ್ತಿ ಹೋದರೆ ಏಡಿ ಅವಸರದಿಂದ ಮುಂಚಿತವಾಗಿ ಪೊರೆ ಬಿಡುವುದುಂಟು. ನಮ್ಮದರಲ್ಲಿ ಹೋದದ್ದು ಒಂದೇ. ಅದಕ್ಕೆ ಅವಸರ ಇರಲಿಲ್ಲ.

ನನ್ನ ತಪ್ಪು

ಸೆಪ್ಟೆಂಬರ್ ಮೂರನೇ ವಾರದಲ್ಲಿ ಏಡಿ ಊಟ ಬಿಟ್ಟಿತು. ಎರೆಹುಳು ಹಾಕಿದರೆ ಮುಟ್ಟಲಿಲ್ಲ. ಬಣ್ಣ ಮಂಕಾಯಿತು. ಹೆಂಚಿನ ಕೆಳಗಿಂದ ಹೊರಗೇ ಬರಲಿಲ್ಲ. 27ರ ಬೆಳಿಗ್ಗೆ ಹೋಗಿ ನೋಡಿದರೆ ನೀರಿನ ಅಂಚಿನಲ್ಲಿ ಸತ್ತು ಬಿದ್ದಿತ್ತು. ಕಾಲು ಚಾಚಿದೆ, ಅಲುಗಾಡುತ್ತಿಲ್ಲ.

ಮನಸ್ಸಿಗೆ ಪಿಚ್ಚೆನಿಸಿತು. ವಾಸನೆ ಬರುವ ಮುಂಚೆ ಅಂತ ಎತ್ತಿ ಕಾಫಿ ಗಿಡದ ಬುಡಕ್ಕೆ ಎಸೆದೆ. ನೀರು ಬಗ್ಗಿಸಿ ತೊಟ್ಟಿ ತೊಳೆಯೋಣ ಅಂತ ಹೆಂಚು ಎತ್ತಿದರೆ, ಅಡಿಯಲ್ಲಿ ಏಡಿ! ಮೆತ್ತಗೆ, ಒದ್ದೆ ಬಟ್ಟೆಯ ಹಾಗೆ. ಕಣ್ಣು ಕಡ್ಡಿ ಮಾತ್ರ ನನ್ನ ಕಡೆ ತಿರುಗಿತು.

ನಾನು ಎಸೆದದ್ದು ಖಾಲಿ ಪೊರೆ. ಮೂವತ್ತು ವರ್ಷ ಪಾಠ ಮಾಡಿದವನು ಖಾಲಿ ಅಂಗಿ ನೋಡಿ ಆಳು ಸತ್ತ ಅಂದುಕೊಂಡೆ. ಹಗುರ ಇತ್ತು ಅಂತ ಆಮೇಲೆ ನೆನಪಾಯಿತು. ಎಸೆಯುವಾಗ ತೋಚಲಿಲ್ಲ.

ಇದನ್ನು ನಗುವ ವಿಷಯ ಅಂತ ಬರೆಯುತ್ತಿಲ್ಲ. ಪ್ರಕರಣದ ಮೇಲೆ ಇದರ ಪರಿಣಾಮ ಆಗಿದೆ. ಪೊರೆ ಬಿಡುವ ಮುಂಚೆ ಏಡಿ ಹಳೆ ಚಿಪ್ಪಿನ ಸುಣ್ಣದಲ್ಲಿ ಒಂದಿಷ್ಟನ್ನು ಮೈಯೊಳಗೆ ಎಳೆದುಕೊಳ್ಳುತ್ತದೆ. ಬಿಟ್ಟ ಮೇಲೆ ಉಳಿದ ಚಿಪ್ಪನ್ನು ತಾನೇ ತಿಂದು ಇನ್ನಷ್ಟು ಸುಣ್ಣ ವಾಪಸ್ ಪಡೆಯುತ್ತದೆ. ಸಮುದ್ರದ ಏಡಿಗೆ ಇದರ ಚಿಂತೆ ಕಡಿಮೆ, ಸುತ್ತ ಉಪ್ಪುನೀರಿನಲ್ಲೇ ಬೇಕಾದಷ್ಟು ಸುಣ್ಣದ ಅಂಶವಿದೆ. ನಮ್ಮ ಮಲೆನಾಡಿನ ಹಳ್ಳದ ನೀರು ಮೆದು ನೀರು. ಪಾತ್ರೆಯಲ್ಲಿ ಎಷ್ಟು ಕಾಯಿಸಿದರೂ ತಳದಲ್ಲಿ ಬಿಳಿ ಕಟ್ಟುವುದಿಲ್ಲ. ಇಲ್ಲಿನ ಏಡಿಗೆ ಹಳೆ ಚಿಪ್ಪು ಅಂದರೆ ಕೂಡಿಟ್ಟ ಗಂಟು. ಅದನ್ನು ನಾನು ಕಾಫಿ ಗಿಡಕ್ಕೆ ಗೊಬ್ಬರ ಮಾಡಿದೆ.

ಓಡಿ ಹೋಗಿ ಹುಡುಕಿದೆ. ಇರುವೆ ಮುತ್ತಿತ್ತು. ತೊಳೆದು ತೊಟ್ಟಿಗೆ ಹಾಕಿದೆ. ಏಡಿ ಮೂಸಲಿಲ್ಲ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿದೆ, ಬಸವನಹುಳು ಹಾಕಿದೆ. ಒಂಬತ್ತು ದಿನವಾದರೂ ಬೆನ್ನು ಹೆಬ್ಬೆರಳಿಗೆ ಬಗ್ಗುತ್ತಿತ್ತು.

ಮೈ ಗಟ್ಟಿಯಾದ ಮೇಲೆ ಅಳೆದೆ. ಚಿಪ್ಪು 55 ಮಿಲಿಮೀಟರ್. ಎಡ ಕೊಂಡಿ 36. ಹೊಸ ಬಲ ಕೊಂಡಿ 21. ಆಕಾರ ಪೂರ್ತಿ ಬಂದಿದೆ, ಬೆರಳು ತೆರೆದು ಮುಚ್ಚುತ್ತದೆ. ಆದರೆ ದೊಡ್ಡವನ ಅಂಗಿಗೆ ಮಗುವಿನ ತೋಳು ಹೊಲಿದ ಹಾಗೆ. ಬಣ್ಣವೂ ಬೇರೆ, ಮಿಕ್ಕ ಮೈ ಗೋಧಿ ಕಂದು, ಇದು ಮಾತ್ರ ಹಾಲಿಗೆ ಕಾಫಿ ಎರಡು ಹನಿ ಬಿದ್ದ ಬಣ್ಣ.

ಕುಂದಾಪುರದ ಕೆಸರು

ಜನವರಿಯಲ್ಲಿ ಕುಂದಾಪುರದಲ್ಲಿ ಒಂದು ಮದುವೆ. ಶಿರಾಡಿ ಘಾಟಿ ಇಳಿದು ಹೋದೆವು. ಪಂಚಗಂಗಾವಳಿಯ ಅಳಿವೆ ಹತ್ತಿರವೇ ಇತ್ತು. ಊಟ ಮುಗಿಸಿ, ಇಳಿತದ ಹೊತ್ತು ನೋಡಿಕೊಂಡು, ಪಂಚೆ ಎತ್ತಿಕಟ್ಟಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿಗೆ ಹೋಗಿ ನಿಂತೆ. ಹೆಂಡತಿ ಕಾರಿನಲ್ಲೇ ಕೂತಳು.

ಹತ್ತು ನಿಮಿಷ ಅಲುಗಾಡದೆ ನಿಂತರೆ ಕೆಸರು ಜೀವ ಪಡೆಯುತ್ತದೆ. ಒಂದೊಂದೇ ಬಿಲದಿಂದ ಪುಟ್ಟ ಏಡಿಗಳು. ಗಂಡಿನ ಒಂದು ಕೊಂಡಿ ಮೈಗಿಂತ ದೊಡ್ಡದು, ಬೆಳ್ಳಗೆ ಹೊಳೆಯುತ್ತದೆ. ಅದನ್ನು ಮೇಲೆತ್ತಿ ಇಳಿಸುತ್ತದೆ, ಎತ್ತಿ ಇಳಿಸುತ್ತದೆ. ನೂರಾರು ಏಡಿ ಸೇರಿ ಬಾ ಬಾ ಅನ್ನುವ ಹಾಗೆ. ಪಿಟೀಲು ಏಡಿ ಅಥವಾ ಫಿಡ್ಲರ್ ಏಡಿ ಅನ್ನುವುದು ಇದಕ್ಕೇ. ಸಣ್ಣ ಕೊಂಡಿ ಬಾಯಿಗೂ ಕೆಸರಿಗೂ ಓಡಾಡುವಾಗ ದೊಡ್ಡ ಕೊಂಡಿಯ ಮೇಲೆ ಕಮಾನು ಎಳೆದ ಹಾಗೆ ಕಾಣುತ್ತದೆ. ಹೆಣ್ಣಿಗೆ ಎರಡೂ ಸಣ್ಣವು, ಎರಡು ಕೈಯಲ್ಲೂ ಗಬಗಬ ತಿನ್ನುತ್ತದೆ. ಗಂಡು ಒಂದೇ ಕೈಯಲ್ಲಿ ತಿನ್ನಬೇಕು. ದೊಡ್ಡದು ಊಟಕ್ಕೆ ಕೆಲಸಕ್ಕೆ ಬಾರದು. ಹೆಣ್ಣನ್ನು ಕರೆಯಲು, ಬೇರೆ ಗಂಡನ್ನು ಓಡಿಸಲು ಮಾತ್ರ. ಅದರ ತೂಕ ಮೈತೂಕದ ಮೂರನೇ ಒಂದರಿಂದ ಅರ್ಧದವರೆಗೂ ಇರುತ್ತದೆ. ನಮ್ಮ ಗದ್ದೆ ಏಡಿಯದು ಏಳನೇ ಒಂದು ಅಂತ ಆಗಲೇ ಹೇಳಿದೆನಲ್ಲ.

ಆ ಗುಂಪಿನಲ್ಲಿ ಒಂದರ ಮೇಲೆ ಕಣ್ಣು ನಿಂತಿತು. ಕೈ ಬೀಸುವುದೆಲ್ಲ ಉಳಿದವುಗಳ ಹಾಗೆಯೇ. ಆದರೆ ಅದರ ಕೊಂಡಿಯ ಬೆರಳು ಉದ್ದ, ಸಪೂರ. ಅಂಚಿನಲ್ಲಿ ಗಂಟು ಗಂಟಾದ ಹಲ್ಲುಗಳಿಲ್ಲ, ನುಣ್ಣಗಿದೆ. ಒಮ್ಮೆ ಕಳೆದುಕೊಂಡು ಮತ್ತೆ ಬೆಳೆಸಿಕೊಂಡ ಕೊಂಡಿಯ ಗುರುತು ಇದೇ. ಉದ್ದದಲ್ಲಿ ಹಳೆಯದಕ್ಕೆ ಕಡಿಮೆಯಿಲ್ಲ. ಒಳಗಿನ ಮಾಂಸದಲ್ಲಿ ಕಡಿಮೆ.

ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಪಿಟೀಲು ಏಡಿ ಆನ್ಯುಲಿಪೆಸ್. ಹಳೆ ಪುಸ್ತಕಗಳಲ್ಲಿ ಊಕಾ ಆನ್ಯುಲಿಪೆಸ್, ಈಗ ಆಸ್ಟ್ರುಕಾ ಆನ್ಯುಲಿಪೆಸ್. ಇದೇ ಜಾತಿಯ ಮೇಲೆ ಪೆಟ್ರೀಷಿಯಾ ಬ್ಯಾಕ್‌ವೆಲ್ ಮತ್ತು ಜೊತೆಗಾರರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮರುಬೆಳೆದ ಕೊಂಡಿಯ ಗಂಡುಗಳು ಅದೇ ಗಾತ್ರದ ಮೂಲ ಕೊಂಡಿಯ ಗಂಡುಗಳಿಗಿಂತ ಕಾದಾಟದಲ್ಲಿ ಹಿಂದೆ. ಆದರೆ ಎದುರಾಳಿಗೆ ಅದು ಗೊತ್ತಾಗುವುದಿಲ್ಲ. ಉದ್ದ ನೋಡಿ ಹೆದರಿ ಹಿಂದೆ ಸರಿಯುತ್ತದೆ. ಹೆಣ್ಣುಗಳೂ ವ್ಯತ್ಯಾಸ ಮಾಡಲಿಲ್ಲ. ಕೆಲವು ಕಡೆ ಇಂಥ ಗಂಡುಗಳು ನೂರಕ್ಕೆ 44ರವರೆಗೂ ಇದ್ದವು. ಹೆಚ್ಚುಕಮ್ಮಿ ಅರ್ಧ ಊರೇ ಹುಸಿ ಮೀಸೆ ತಿರುವಿಕೊಂಡು ಓಡಾಡುತ್ತಿದೆ, ಯಾರಿಗೂ ಗೊತ್ತಿಲ್ಲ!

ಹುಸಿ ಎಲ್ಲಿ ಬಯಲಾಗುತ್ತದೆ? ನಿಜವಾಗಿ ಕೈಕೈ ಮಿಲಾಯಿಸಿದಾಗ. ಆಸ್ಟ್ರೇಲಿಯಾದ ಇನ್ನೊಂದು ಪಿಟೀಲು ಏಡಿ ಮ್ಯೋಬರ್ಗಿಯ ಮೇಲೆ 2009ರಲ್ಲಿ ಬಂದ ಕೆಲಸದಲ್ಲಿ ಕೊಂಡಿಯ ಅದುಮುವ ಬಲ, ಬಿಲದಿಂದ ಎಳೆದರೆ ತಡೆದು ನಿಲ್ಲುವ ಬಲ ಎರಡನ್ನೂ ಅಳೆದರು. ಮೂಲ ಕೊಂಡಿಯಲ್ಲಿ ಗಾತ್ರ ನೋಡಿ ಬಲ ಹೇಳಬಹುದು. ಮರುಬೆಳೆದದ್ದರಲ್ಲಿ ಹೇಳಲಾಗದು. ಅಂಥ ಗಂಡಿಗೆ ಬಿಲ ಕಳೆದುಕೊಳ್ಳುವ ಅಪಾಯ ಜಾಸ್ತಿ, ಯಾಕೆಂದರೆ ಬಿಲದ ಒಡೆಯ ಜಗಳ ಆರಿಸಿಕೊಳ್ಳುವಂತಿಲ್ಲ. ಬಂದವನ ಜೊತೆ ಗುದ್ದಾಡಲೇಬೇಕು. ಅಲೆಮಾರಿಗಾದರೆ ಬರೀ ತೋರಿಸಿ ಮುಂದೆ ಹೋಗುವ ಅನುಕೂಲ ಇದೆ.

ಇನ್ನೊಂದು ಏಡಿ ಕಂಡಿತು. ಮೊದಲು ಹೆಣ್ಣು ಅಂದುಕೊಂಡೆ. ಸರಿಯಾಗಿ ನೋಡಿದರೆ ಸಣ್ಣ ಕೊಂಡಿ ಒಂದೇ, ಇನ್ನೊಂದು ಬದಿ ಬೋಳು. ಕೊಂಡಿ ಕಳೆದುಕೊಂಡ ಗಂಡು. ಅದು ಕೈ ಬೀಸುವ ಗೋಜಿಗೇ ಹೋಗದೆ ಒಂದೇ ಸಮನೆ ತಿನ್ನುತ್ತಿತ್ತು.

ಕಾರಿನಿಂದ ಹಾರ್ನ್ ಕೇಳಿತು. ಹೊರಟೆ.

ಕೊಂಡಿ ಮುರಿದು ಬಿಡುವವರು

ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ಮಂಜಣ್ಣನಿಗೆ ಬೇರೆ ಲೆಕ್ಕ ಹೊಳೆಯಿತು. "ಹಂಗಾದ್ರೆ ಕೊಂಡಿ ಮಾತ್ರ ಮುರ್ಕೊಂಡು ಏಡಿ ಬಿಟ್ಬಿಟ್ರೆ? ವರ್ಷಕ್ಕೊಂದ್ಸಲ ಸಾರು ಆಯ್ತದಲ್ಲ."

ನಗಬೇಡಿ. ಸ್ಪೇನಿನ ದಕ್ಷಿಣ ಕರಾವಳಿಯಲ್ಲಿ ಇದನ್ನೇ ಮಾಡುತ್ತಿದ್ದರು. ಅಲ್ಲಿನ ದೊಡ್ಡ ಪಿಟೀಲು ಏಡಿ ಟ್ಯಾಂಜೆರಿಯ ಗಂಡು ಹಿಡಿದು, ದೊಡ್ಡ ಕೊಂಡಿ ತೆಗೆದುಕೊಂಡು, ಏಡಿಯನ್ನು ಕೆಸರಿಗೆ ಬಿಡುವುದು. ಕೊಂಡಿ ಬೇಯಿಸಿ ತಿನ್ನುವುದು. ಅಮೆರಿಕದ ಫ್ಲಾರಿಡಾದಲ್ಲಿ ಕಲ್ಲೇಡಿಯ ಕೊಂಡಿಗೆ ಇವತ್ತಿಗೂ ದೊಡ್ಡ ಮಾರುಕಟ್ಟೆ ಇದೆ. ಏಡಿಯನ್ನು ನೀರಿಗೆ ಬಿಡಬೇಕು ಅಂತ ಕಾನೂನೇ ಇದೆ. ಮುರಿಯುವವನ ಕೈ ಮುಖ್ಯ. ಗೆರೆಯಲ್ಲಿ ಕಳಚಿದರೆ ಬದುಕುವ ಅವಕಾಶ ಇರುತ್ತದೆ. ಅಡ್ಡಾದಿಡ್ಡಿ ಮುರಿದು ಮೈಯೇ ಹರಿದರೆ ಸಾಯುತ್ತದೆ. ಮತ್ತೆ ಬೆಳೆಯುತ್ತೆ ಅನ್ನುವ ಸಮಾಧಾನ ಅರ್ಧ ಮಾತ್ರ ಸರಿ. ಬೆಳೆಯುವವರೆಗೆ ಅದು ಹೇಗೆ ತಿನ್ನಬೇಕು, ಹೇಗೆ ಉಳಿಯಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ನಮ್ಮ ತೊಟ್ಟಿಯಲ್ಲಿ ಅದು ಕಾಣುತ್ತಿತ್ತು. ಗದ್ದೆಯ ಬಸವನಹುಳು ಹಾಕಿದರೆ ಮೊದಲ ವಾರಗಳಲ್ಲಿ ಎಡ ಕೊಂಡಿಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಬಿಟ್ಟುಬಿಡುತ್ತಿತ್ತು. ಒಡೆಯುವ ಕೈ ಹೋಗಿತ್ತು, ಉಳಿದದ್ದು ಕತ್ತರಿಸುವ ಕೈ. ನವೆಂಬರ್ ಹೊತ್ತಿಗೆ ಒಂದು ಉಪಾಯ ಕಲಿತಿತ್ತು. ಹೊಸ ಬಲ ಕೊಂಡಿಯಲ್ಲಿ ಹುಳುವನ್ನು ನೆಲಕ್ಕೆ ಒತ್ತಿ ಹಿಡಿಯುವುದು, ಎಡದಲ್ಲಿ ಬಾಯಿಯ ಅಂಚನ್ನು ಚೂರುಚೂರೇ ಮುರಿಯುವುದು. ಒಂದು ಹುಳು ತಿನ್ನಲು ಮುಕ್ಕಾಲು ಗಂಟೆ.

ಎರಡನೇ ಪೊರೆ

ಫೆಬ್ರವರಿಯಿಂದ ಮೇವರೆಗೆ ಬರೆಯುವಂಥದ್ದು ಏನೂ ಇಲ್ಲ. ಏಡಿ ಮಣ್ಣಿನ ಗುಡ್ಡೆಯೊಳಗೆ ಇಳಿದು ಬಾಯಿ ಮುಚ್ಚಿಕೊಂಡಿತು. ನಾನು ಮಣ್ಣು ಒಣಗದಂತೆ ನೀರು ಚಿಮುಕಿಸುತ್ತಿದ್ದೆ.

2023ರ ಜೂನ್‌ನಲ್ಲಿ ಮಳೆ ತಡ. ಒಂದು ರಾತ್ರಿ ಗುಡುಗಿದ ಮೇಲೆ ಏಡಿ ಹೊರಗೆ ಬಂತು. ಜೂನ್ 11ರ ರಾತ್ರಿ ಪೊರೆ ಬಿಟ್ಟಿತು. ಈ ಸಲ ಟಾರ್ಚ್ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಬೆನ್ನಿನ ಹಿಂದೆ ಚಿಪ್ಪು ಡಬ್ಬಿಯ ಹಾಗೆ ತೆರೆಯಿತು. ಏಡಿ ಹಿಂದಕ್ಕೆ ಹಿಂದಕ್ಕೆ ಜಾರಿ ಬಂತು. ಕೊನೆಗೆ ಉಳಿದದ್ದು ಕೊಂಡಿಗಳು. ಇಷ್ಟು ದಪ್ಪ ಅಂಗೈ ಅಷ್ಟು ಕಿರಿದಾದ ಮಣಿಕಟ್ಟಿನೊಳಗಿಂದ ಹೊರಗೆ ಬರಬೇಕಲ್ಲ? ಅದಕ್ಕೆಂದೇ ಪೊರೆ ಬಿಡುವ ಮುಂಚೆ ಕೊಂಡಿಯ ಸ್ನಾಯು ಕರಗಿ ಸಣಕಲಾಗಿರುತ್ತದೆ, ಆಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಬಿಗಿ ಬಳೆಯನ್ನು ಸೋಪು ಹಚ್ಚಿ ತೆಗೆಯುವಾಗ ಕೈ ಮುದುಡುತ್ತೇವಲ್ಲ, ಹಾಗೆ ಒಂದೊಂದೇ ಎಳೆದುಕೊಂಡಿತು. ಎಡದ್ದಕ್ಕೆ ಜಾಸ್ತಿ ಹೊತ್ತು ಹಿಡಿಯಿತು.

ಪೊರೆಯನ್ನು ನಾನು ಮುಟ್ಟಲಿಲ್ಲ. ನಾಲ್ಕನೇ ದಿನಕ್ಕೆ ಉಳಿದಿದ್ದು ಕೊಂಡಿಗಳ ತುದಿ ಚೂರುಗಳು ಮಾತ್ರ, ಮಿಕ್ಕದ್ದು ಹೊಟ್ಟೆಗೆ. ಆರನೇ ದಿನ ಬೆನ್ನು ಗಟ್ಟಿ. ಹೋದ ಸಲ ಒಂಬತ್ತು ದಿನಕ್ಕೂ ಆಗಿರಲಿಲ್ಲ. ನನ್ನ ತಪ್ಪಿನಿಂದಲೇ ಹಾಗಾಯಿತು ಅಂತ ನನ್ನ ಅನಿಸಿಕೆ. ಆದರೆ ಇರುವುದು ಒಂದೇ ಏಡಿ, ಎರಡೇ ಪೊರೆ. ಒಂದು ಮಳೆಗಾಲದ ಕೊನೆಗೆ, ಇನ್ನೊಂದು ಬೇಸಿಗೆ ಮುಗಿದ ಮೇಲೆ. ಬಿಸಿಲು ಬೇರೆ, ಮೇವು ಬೇರೆ. ಇದರ ಮೇಲೆ ಸಾಕ್ಷಿ ಹೇಳು ಅಂದರೆ ನಾನು ಹೇಳಲಾರೆ.

ಅಳತೆ: ಚಿಪ್ಪು 58. ಬಲ ಕೊಂಡಿ 35. ಎಡ ಕೊಂಡಿ 40.

ಮತ್ತೆ ನೋಡಿ. ಹಳೆ ಬಲ ಕೊಂಡಿ 46 ಇತ್ತು, ಆಗ ಮೈ ಇನ್ನೂ ಚಿಕ್ಕದಿತ್ತು. ಈಗ ಎಡವೇ ದೊಡ್ಡದು. ಬಲಗೈ ಏಡಿ ಎಡಗೈ ಆಗಿದೆ.

ಬೆಂಕಿಪೊಟ್ಟಣದಿಂದ ಹಳೆ ಕೊಂಡಿ ತೆಗೆದು ಪಕ್ಕದಲ್ಲಿ ಹಿಡಿದೆ. ಹಳೆಯದರ ಅಂಚಿನಲ್ಲಿ ಅಡಿಕೆ ಅಗಿದು ಸವೆದ ದವಡೆ ಹಲ್ಲಿನಂಥ ದಪ್ಪ ಗಂಟುಗಳು, ಮೂರು ದೊಡ್ಡವು. ಹೊಸ ಬಲ ಕೊಂಡಿಯಲ್ಲಿ ಗರಗಸದ ಹಾಗೆ ಒಂದೇ ಸಮ ಸಣ್ಣ ಹಲ್ಲು. ಎಡ ಕೊಂಡಿಯಲ್ಲಿ ಮೊದಲಿದ್ದ ಸಣ್ಣ ಹಲ್ಲುಗಳ ನಡುವೆ ಒಂದು ಗಂಟು ಎದ್ದಿತ್ತು. ಹುಡುಗ ತನ್ನ ಹಳದಿ ಪೆನ್ಸಿಲ್ ಕೊಟ್ಟ. ಎಡಕ್ಕೆ ಕೊಟ್ಟಾಗ ಬಣ್ಣ ಹರಿದು ಮರದಲ್ಲಿ ಗುಳಿ ಬಿತ್ತು. ಬಲಕ್ಕೆ ಕೊಟ್ಟಾಗ ಬಣ್ಣದ ಮೇಲೆ ಗೀರು, ಅಷ್ಟೇ. ಐದು ಸಲ ಕೊಟ್ಟೆವು, ಐದು ಸಲವೂ ಹಾಗೇ. ಆ ಪೆನ್ಸಿಲ್ ಈಗಲೂ ನನ್ನ ಮೇಜಿನ ಮೇಲಿದೆ.

ಒಡೆಯುವ ಕೊಂಡಿ ಹೋದರೆ ಕತ್ತರಿಸುವ ಕೊಂಡಿಯೇ ಪೊರೆ ಪೊರೆಗೆ ದಪ್ಪವಾಗಿ ಒಡೆಯುವ ಕೆಲಸ ಹೊರುವುದು, ಹೊಸದಾಗಿ ಬಂದದ್ದು ಕತ್ತರಿಯಾಗುವುದು ಕೆಲವು ಸಮುದ್ರ ಏಡಿಗಳಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಚಟಚಟ ಸದ್ದು ಮಾಡುವ ಸಿಗಡಿಗಳಲ್ಲಿ ಇದು ಇನ್ನೂ ಸ್ಪಷ್ಟ. ಪಿಟೀಲು ಏಡಿಯಲ್ಲಿ ಹೀಗಾಗುವುದಿಲ್ಲ. ಅದರ ದೊಡ್ಡ ಕೊಂಡಿ ಹೋದ ಕಡೆಯೇ ಮತ್ತೆ ದೊಡ್ಡದಾಗಿ ಬರುತ್ತದೆ. ಸಣ್ಣದು ಸಣ್ಣದಾಗಿಯೇ ಉಳಿಯುತ್ತದೆ. ಸಣ್ಣದು ದೊಡ್ಡದಾಗಿಬಿಟ್ಟರೆ ತಿನ್ನುವುದು ಯಾವುದರಲ್ಲಿ?

ನನಗೆ ಕಾಣುವುದು ಇಷ್ಟು. ಕುಂದಾಪುರದ ಏಡಿ ಬೆಳಕಿನಲ್ಲಿ, ಬಟಾಬಯಲಿನಲ್ಲಿ, ನೂರು ಕಣ್ಣಿನ ಎದುರು ಬದುಕುತ್ತದೆ. ಅದಕ್ಕೆ ಮೊದಲು ಬೇಕಾದದ್ದು ಉದ್ದ. ಹಾಗಾಗಿ ಉದ್ದವನ್ನು ಬೇಗ ತುಂಬಿಸಿಕೊಳ್ಳುತ್ತದೆ, ಶಕ್ತಿಗೆ ಸಾಲ ಹೇಳುತ್ತದೆ. ನಮ್ಮ ಗದ್ದೆ ಏಡಿ ರಾತ್ರಿಯ ಜೀವ. ಕೆಂಪಗೆ ಕದಡಿದ ನೀರಿನಲ್ಲಿ ಅದರ ಕೊಂಡಿ ನೋಡಿ ಹೆದರುವವರು ಯಾರು? ಅದಕ್ಕೆ ಬೇಕಾದದ್ದು ಬಸವನಹುಳು ಒಡೆಯುವ ಕೈ. ಇದ್ದ ಕೈಗೇ ಆ ಕೆಲಸ ಕೊಟ್ಟಿತು. ಮಂಜಣ್ಣನ ಮೊದಲ ಮಾತು ಎರಡು ಕಡೆಯೂ ನಿಜ. ಎರಡನೇ ಮಾತು ಎರಡು ಕಡೆಯೂ ಸುಳ್ಳು, ಸುಳ್ಳಾದ ಬಗೆ ಮಾತ್ರ ಬೇರೆ ಬೇರೆ. ಅವನಿಗೆ ಹೇಳಿದೆ. "ಹಂಗಂತೀರಾ?" ಅಂದು ಬೀಡಿ ಹಚ್ಚಿದ.

ಇನ್ನೊಂದು ಪೊರೆ ಬಿಟ್ಟಿದ್ದರೆ ಬಲ ಮತ್ತೆ ಎಡವನ್ನು ಹಿಂದಿಕ್ಕುತ್ತಿತ್ತೋ ಏನೋ. ಕಾಯಬಹುದಿತ್ತು. ಆದರೆ ಜುಲೈಯಲ್ಲಿ ಮಳೆ ಹಿಡಿಯಿತು, ತೊಟ್ಟಿ ತುಂಬಿ ಹರಿಯಿತು. ಏಡಿ ರಾತ್ರಿಯೆಲ್ಲ ತಂತಿ ಬಲೆ ಕೆರೆಯುವ ಸದ್ದು ಮಲಗುವ ಕೋಣೆಗೆ ಕೇಳುತ್ತಿತ್ತು. ಹೆಂಡತಿ, "ಅದನ್ನ ಬಿಟ್ಟು ಬರ್ತೀರೋ, ನಾನೇ ಸಾರು ಮಾಡ್ಲೋ?" ಅಂದಳು.

ಗದ್ದೆ ಹತ್ತಿರ ಬಿಡಬೇಡಿ ಅಂತ ಮಂಜಣ್ಣನ ತಾಕೀತು. ಹಳ್ಳದ ಕೆಳಗೆ, ಕಾಲುಸಂಕ ದಾಟಿ, ನಮ್ಮ ಬದುವಿನಿಂದ ಒಂದು ಫರ್ಲಾಂಗು ದೂರ ಒಯ್ದು ಬಿಟ್ಟೆವು. ಕೆಳಗಿಡುವಾಗ ಹುಡುಗನ ಬೆರಳು ಹಿಡಿಯಿತು, ಬಲ ಕೊಂಡಿಯಲ್ಲಿ. ಅವನು ಕೂಗಲಿಲ್ಲ. "ನೋವೇ ಆಗ್ಲಿಲ್ಲ ದೊಡ್ಡಪ್ಪ" ಅಂದ.

ನಾಟಿಯಾಗಿ ಎಂಟು ದಿನಕ್ಕೆ ಮೇಲಿನ ಮಡಿಯ ಬದುವಿನಲ್ಲಿ ಹೊಸ ಬಿಲ. ನೀರೆಲ್ಲ ಸೋರಿಹೋಗಿತ್ತು. ಮಂಜಣ್ಣ ತೋಳಿನವರೆಗೆ ಕೈ ಹಾಕಿ, ನನ್ನ ಕಡೆ ತಿರುಗಿ ಕೇಳಿದ, "ಮೇಷ್ಟ್ರೇ, ನಿಮ್ಮ ಏಡಿ ಯಾವ ಕೈಯಲ್ಲಿ ಜೋರಾಗಿ ಕಚ್ಚೋದು?"